ಮೊಳೆಗೆ ನೇತುಹಾಕಿದ ಪೆಟ್ರೋಲ್ ಮುಚ್ಚಳ

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಪಲ್ಲವಿಯ ಮಷಿನ್ನು ಓಡಿತು! ಸಗಣಿ ಗ್ಯಾಸಿನಲ್ಲಿ ಓಡಿತು. ಒಂದು ತೊಟ್ಟು ಪೆಟ್ರೋಲು ಮುಟ್ಟದೆ ಮೂರು ದಿನ ಓಡಿತು. ನಿನ್ನೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ನಮ್ಮ ಮನೆಯ ನಡುಕೋಣೆಯಲ್ಲಿ ನಲವತ್ತೊಂದು ಕೋಳಿಮರಿಗಳು ಮೊಟ್ಟೆಯೊಡೆದು ಈಚೆ ಬಂದವು. ಒಂದೊಂದೂ ಒದ್ದೆ ಹತ್ತಿಯ ಉಂಡೆಯ ಹಾಗೆ. ಪಲ್ಲವಿ ನನ್ನ ಮೊಮ್ಮಗಳು. ಮರಿಗಳು ಐದು ಮನೆಗೆ ಸೇರಿದವು. ಆದರೆ ನಿನ್ನೆಯಿಂದ ನಾನು ಅವಕ್ಕೂ ಅಜ್ಜನೇ.

ಈ ಸುದ್ದಿಯನ್ನು ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದೆ. ಹೊಸನಗರಕ್ಕೆ ಹೋಗುವ ಬಸ್ಸು ನಿಂತ ಅರ್ಧ ನಿಮಿಷದಲ್ಲಿ, ಬಾಗಿಲಿನ ಕಂಬಿ ಹಿಡಿದುಕೊಂಡು, ಕಂಡಕ್ಟರಿಗೂ ಹೇಳಿದೆ. "ಹತ್ತೋದಾದ್ರೆ ಹತ್ತಿ ಅಜ್ಜ, ಸುದ್ದಿ ಒಳಗ್ ಬಂದು ಹೇಳಿ" ಅಂದ. ನಾನು ಹತ್ತಲು ಬಂದವನಲ್ಲವಲ್ಲ, ಹೇಳಲು ಬಂದವನು. ಮನೆಗೆ ಬಂದು ಪಲ್ಲವಿಯ ಹಳೆಯ ನೋಟ್‌ಬುಕ್ಕು ಬಿಡಿಸಿ ಕೂತದ್ದನ್ನು ನೋಡಿ ನನ್ನ ಹೆಂಡತಿ ಹೂವಮ್ಮ ಕೇಳಿದಳು: "ಊರಿಗೆಲ್ಲ ಡಂಗುರ ಹೊಡ್ದಾತಲ್ಲ, ಬರೆಯೋದೊಂದು ಬಾಕಿ ಇತ್ತಾ?"

ಇತ್ತು. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಎಮ್ಮೆಯ ಹಿಂದೆ ಹೋಯಿತು. ಕೆಲವು ಒತ್ತಕ್ಷರಗಳು ಆ ಎಮ್ಮೆಯ ಜೊತೆಗೇ ಗುಡ್ಡ ಹತ್ತಿದ್ದು, ಇನ್ನೂ ವಾಪಸು ಬಂದಿಲ್ಲ. ಪಲ್ಲವಿ ತಿದ್ದಿಕೊಡುತ್ತಾಳೆ. ತಪ್ಪು ಅಕ್ಷರ ತಿದ್ದು, ನನ್ನ ಮಾತು ತಿದ್ದಬೇಡ ಅಂತ ಮೊದಲೇ ಕರಾರು ಮಾಡಿಕೊಂಡಿದ್ದೇನೆ.

ಬರೆಯಲು ಕೂತ ಕಡೆ ಎದುರು ಗೋಡೆಯ ಮೊಳೆಯಲ್ಲಿ ಒಂದು ಮುಚ್ಚಳ ನೇತಾಡುತ್ತಿದೆ. ಅಂಗೈಯಗಲದ ಕಪ್ಪು ಮುಚ್ಚಳ, ಅದಕ್ಕೊಂದು ಗೇಣುದ್ದದ ಸರಪಳಿ. ನಮ್ಮ ಜನರೇಟರಿನ ಪೆಟ್ರೋಲ್ ಟ್ಯಾಂಕಿನದು. ಟ್ಯಾಂಕು ಗುಜರಿಗೆ ಹೋಯಿತು, ಮುಚ್ಚಳ ಮಾತ್ರ ಉಳಿಯಿತು. ಯಾರೂ ಇಲ್ಲದಾಗ ನಾನದನ್ನು ಮೂಸಿ ನೋಡುವುದುಂಟು. ನಗಬೇಡಿ. ನಿಮ್ಮಲ್ಲೂ ಎಷ್ಟೋ ಜನ ಪೆಟ್ರೋಲ್ ಬಂಕಿನಲ್ಲಿ ಬೇಕೆಂದೇ ಉದ್ದ ಉಸಿರು ಎಳೆದುಕೊಂಡವರೇ. ಆ ವಾಸನೆಗೆ ನನ್ನ ಇಡೀ ಪ್ರಾಯ ಎದ್ದು ಬಂದು ಎದುರಿಗೆ ನಿಲ್ಲುತ್ತದೆ.

ಪ್ರಾಯದಲ್ಲಿ ನಾನು ಗ್ಯಾಸ್‌ಲೈಟಿನವನು. ಪೆಟ್ರೋಮ್ಯಾಕ್ಸ್ ಅನ್ನುತ್ತಿದ್ದರಲ್ಲ, ಸೀಮೆಎಣ್ಣೆ ತುಂಬಿ ಪಂಪು ಹೊಡೆದು ಉರಿಸುವುದು, ಅದೇ. ಮದುವೆ ದಿಬ್ಬಣದ ಮುಂದೆ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಲೈಟು ಇಟ್ಟು, ತೀರ್ಥಹಳ್ಳಿ ಕಡೆಯ ಎಷ್ಟೋ ಊರುಗಳಿಗೆ ಮದುಮಕ್ಕಳನ್ನು ಮುಟ್ಟಿಸಿದ್ದೇನೆ. ನನಗೆ ಅಕ್ಷರ ಕಲಿಸಿದ ಮೇಷ್ಟ್ರಿಗಿಂತ ಆ ಲೈಟು ಹೆಚ್ಚು ಕಲಿಸಿತು. ಅದು ಹೊಗೆ ಬಿಟ್ಟರೆ ಗಾಳಿ ಸಾಲುತ್ತಿಲ್ಲ. ಪುಸ್ ಪುಸ್ ಅಂತ ಕೆಮ್ಮಿದರೆ ಗಾಳಿ ಜಾಸ್ತಿಯಾಗಿದೆ. ಬೆಳಕನ್ನು ನೋಡಬೇಕಿಲ್ಲ, ತಲೆಯ ಮೇಲಿನ ಸದ್ದು ಕೇಳಿಯೇ ಹೇಳುತ್ತಿದ್ದೆ.

ನನ್ನ ಮದುವೆಯ ದಿನ ಲೈಟು ಹೊರಬೇಕಾದವನು ಬರಲಿಲ್ಲ. ನೆಂಟರಲ್ಲಿ ಯಾರಿಗೂ ಅದನ್ನು ಹಚ್ಚಲು ಬಾರದು. ಬಾಸಿಂಗ ಕಟ್ಟಿಕೊಂಡಿದ್ದ ನಾನೇ ಚಪ್ಪರದ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಪಂಪು ಹೊಡೆಯತೊಡಗಿದೆ. ಒಳಗಿನಿಂದ ಯಾರೋ "ಮದುಮಗ ಎಲ್ಲಿ, ಮದುಮಗ ಎಲ್ಲಿ" ಅನ್ನುವುದು ಕೇಳುತ್ತಿತ್ತು. ಲೈಟು ಭಗ್ಗೆಂದು ಹತ್ತಿದಾಗ ಎದುರಿಗೆ ಹೂವಮ್ಮನ ಅಕ್ಕ ನಿಂತಿದ್ದಳು. ನನ್ನ ಮುಖದ ಮಸಿ ನೋಡಿ ಒಳಗೆ ಓಡಿದಳು. "ನಿನ್ನ ಗಂಡ ಕರಿಯ ಕಣೆ, ಆದ್ರೆ ಬೆಳಕು ಚೆನ್ನಾಗಿ ಕೊಡ್ತಾನೆ" ಅಂದಳಂತೆ. ಆ ಮಾತನ್ನು ಹೂವಮ್ಮ ಈಗಲೂ ಸಮಯ ನೋಡಿ ಬಳಸುತ್ತಾಳೆ, ಹೆಚ್ಚಾಗಿ ಮೊದಲ ಅರ್ಧವನ್ನು.

ಬೆಳಕು ಅಂದಾಗ ಕಾರ್ಗಲ್ ನೆನಪಾಗುತ್ತದೆ. ಮದುವೆಗೂ ಮುಂಚೆ ಒಂದು ಬೇಸಿಗೆ ಅಲ್ಲಿ ಕಂಬ ಹೊರುವ ಕೂಲಿಗೆ ಹೋಗಿದ್ದೆ. ಕರೆಂಟಿನವರ ಕಾಲೊನಿಯಲ್ಲಿ ಬೀದಿ ದೀಪಗಳು ನಡು ಹಗಲಿನಲ್ಲೂ ಉರಿಯುತ್ತಿದ್ದವು. ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದು ಚಿಮಣಿ ಬುಡ್ಡಿ. ಊರಿಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ಮರುಗಿದಳು. "ಹಗಲಲ್ಲೂ ದೀಪ ಬೇಕಾ? ಪಾಪ, ಅಲ್ಲಿಯೋರಿಗೆ ಕಣ್ಣು ಮಂಜೋ ಎಂತದೋ."

ಗ್ಯಾಸ್‌ಲೈಟಿನ ಕಾಲ ಮುಗಿದಾಗ ಸಾಗರದ ಒಬ್ಬ ಶಾಮಿಯಾನದವರಿಂದ ಈ ಜನರೇಟರನ್ನು ತಂದೆ. ಎರಡು ಜನ ಹಿಡಿದು ಎತ್ತುವಷ್ಟು ದೊಡ್ಡದು, ಹಗ್ಗ ಎಳೆದರೆ ಹೊರಡುವಂಥದ್ದು. ನಾಲ್ಕು ವರ್ಷ ಮದುವೆ, ನಾಮಕರಣ ಸುತ್ತಿತು. ಆದರೆ ಕುಡಿಯುವುದೆಂದರೆ ಹಾಗೆ ಕುಡಿಯುತ್ತಿತ್ತು. ಪೆಟ್ರೋಲ್ ಬಂಕು ನಮ್ಮಿಂದ ಹತ್ತೂರು ಆಚೆ. ಕೊನೆಗೆ ಅದರ ಮೇಲೊಂದು ಗೋಣಿಚೀಲ ಹೊದೆಸಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ಕೂರಿಸಿದೆ. ಕೋಳಿಗಳು ಅದರ ಮೇಲೆ ಹತ್ತಿ ಕೂರುತ್ತಿದ್ದವು. ಈಗ ಯೋಚಿಸಿದರೆ, ಋಣ ಆಗಲೇ ಶುರುವಾಗಿತ್ತು.

ಪಲ್ಲವಿ ಸಾಗರದಲ್ಲಿ ಐಟಿಐ ಓದಿ, ಹೊಸನಗರದ ಒಂದು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಒಂದು ಭಾನುವಾರ ಆ ಗೋಣಿಚೀಲ ಎಳೆದು ಹಾಕಿದಳು.

"ಅಜ್ಜ, ಇದನ್ನ ಸಗಣಿ ಗ್ಯಾಸಲ್ಲಿ ಓಡಿಸ್ತೀನಿ."

"ಒಲೆ ಉರಿಯೋಕೇ ಸಾಲಲ್ಲ, ಇದು ಬೇರೆ ಓಡ್ತದಾ?"

"ಓಡ್ತದೆ."

"ಓಡದೇ ಇದ್ರೆ?"

"ಓಡೋವರೆಗೆ ಬಿಡಲ್ಲ."

ಆ ಮುಖ ನನಗೆ ಗೊತ್ತಿತ್ತು. ಹೂವಮ್ಮ ಸಗಣಿ ಗ್ಯಾಸಿನ ಗುಂಡಿ ತೆಗೆಸಿದ ವರ್ಷ ಇದೇ ಮುಖ ಮಾಡಿಕೊಂಡಿದ್ದಳು. ಕೊಟ್ಟಿಗೆಯ ಹಿಂದೆ ಬಾವಿಯ ಹಾಗೆ ಒಂದು ದುಂಡು ಗುಂಡಿ. ಅದರ ತುಂಬ ಕಲಸಿದ ಸಗಣಿ. ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಒಳಗೆ ಗ್ಯಾಸು ಹುಟ್ಟಿದರೆ ಡ್ರಮ್ಮು ಮೇಲೇಳುತ್ತದೆ, ಖರ್ಚಾದರೆ ಕೆಳಗಿಳಿಯುತ್ತದೆ. ಅದರ ಪೈಪು ಸೀದಾ ಹೂವಮ್ಮನ ಒಲೆಗೆ. ಗ್ಯಾಸು ಬಂದ ಮೇಲೆ ಅವಳು ಊದುಗೊಳವೆಯನ್ನು ಅಟ್ಟಕ್ಕೆ ಎಸೆದವಳು, ಮತ್ತೆ ಮುಟ್ಟಿರಲಿಲ್ಲ.

ಅಲ್ಲಿಂದ ನಮ್ಮ ಮನೆಯ ಸಾಮಾನುಗಳು ಒಂದೊಂದಾಗಿ ಮಷಿನ್ನಿನ ಹೊಟ್ಟೆ ಸೇರತೊಡಗಿದವು. ಸಗಣಿ ಗ್ಯಾಸಿನಲ್ಲಿ ನೀರಿನ ಪಸೆ ಇರುತ್ತದಂತೆ. ಅದನ್ನು ಹಿಡಿಯಲು ಹೂವಮ್ಮನ ಮಿಡಿ ಉಪ್ಪಿನಕಾಯಿಯ ಗಾಜಿನ ಭರಣಿ ಹೋಯಿತು. ಉಪ್ಪಿನಕಾಯಿಗೆ ಪ್ಲಾಸ್ಟಿಕ್ ಡಬ್ಬಿ ಗತಿಯಾಯಿತು. ಹಳೆಯ ಒಲೆಯ ತಿರುಗಣೆ ಕಿತ್ತು ಗ್ಯಾಸು ಹೆಚ್ಚುಕಡಿಮೆ ಮಾಡುವ ಕಿವಿ ಮಾಡಿದಳು. ಮುರಿದ ತಳ್ಳುಗಾಡಿಯ ಎರಡು ಚಕ್ರ ಅಡಿಗೆ ಬಂದವು. "ನನ್ನ ಕನ್ನಡಕ ಬೇಕಾದ್ರೆ ಮೊದ್ಲೇ ಹೇಳು, ಬೇರೆ ಮಾಡಿಸ್ಕತೀನಿ" ಅಂದೆ.

ನನಗೂ ಒಂದು ಕೆಲಸ ಸಿಕ್ಕಿತು. ಗ್ಯಾಸಿಗೆ ಕೊಳೆತ ಮೊಟ್ಟೆಯ ನಾತ ಇರುತ್ತದೆ. ಆ ನಾತವೇ ಇಂಜಿನನ್ನು ತಿಂದುಹಾಕುವುದಂತೆ. ಅದನ್ನು ಕಬ್ಬಿಣದ ತುಕ್ಕು ಹಿಡಿದಿಟ್ಟುಕೊಳ್ಳುತ್ತದೆ. ಸಾಗರದ ಲೇತ್ ಅಂಗಡಿಯಿಂದ ಒಂದು ಚೀಲ ಕಬ್ಬಿಣದ ಸುರುಳಿ ಚೂರು ತಂದು ನನ್ನ ಮುಂದೆ ಸುರಿದಳು. ಅದಕ್ಕೆ ದಿನಾ ಉಪ್ಪುನೀರು ಚಿಮುಕಿಸಿ, ಮಗುಚಿ, ಬಿಸಿಲಿಗೆ ಹರವಿ ತುಕ್ಕು ಬರಿಸಬೇಕು. ಜೀವಮಾನವೆಲ್ಲ ಕತ್ತಿಗೆ, ಹಾರೆಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿದ ಕೈ ಇದು. ದಾರಿಯಲ್ಲಿ ಹೋಗುವವರು "ಎಂತ ಮಂಜಣ್ಣ, ಹಪ್ಪಳ ಒಣಗಿಸ್ತಾ ಇದೀರಾ?" ಅಂದರೆ, "ತುಕ್ಕು ಬೆಳೀತಾ ಇದೀನಿ ಮಾರಾಯ" ಅನ್ನುತ್ತಿದ್ದೆ. ಒಳ್ಳೆಯ ಕೆಂಪು ತುಕ್ಕು ಬಂತು. ಒಂದು ಉದ್ದದ ಪೈಪಿಗೆ ತುಂಬಿ, ಗ್ಯಾಸು ಅದರೊಳಗಿಂದ ಹಾಯ್ದು ಬರುವ ಹಾಗೆ ಮಾಡಿದಳು.

ಬೀಡಿಯೂ ಆಗಲೇ ಹೋಯಿತು. "ಗ್ಯಾಸಿರೋ ಜಾಗ ಅಜ್ಜ. ಬೀಡಿ ಬೇಕಾ, ಮಷಿನ್ ಬೇಕಾ, ಹೇಳು" ಅಂದಳು. ಹೂವಮ್ಮ ಐವತ್ತು ವರ್ಷದಲ್ಲಿ ಬಿಡಿಸಲಾಗದ್ದನ್ನು ಇವಳು ಒಂದೇ ಪ್ರಶ್ನೆಯಲ್ಲಿ ಬಿಡಿಸಿದಳು. ಒಂದು ತಿಂಗಳು ನನ್ನ ಸಿಟ್ಟು ಕೊಟ್ಟಿಗೆಯ ದನಗಳಿಗೂ ತಟ್ಟಿತು. ಆದರೆ ಬಿಟ್ಟೆ.

ಮಷಿನ್ನು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಪೆಟ್ರೋಲಿನಲ್ಲಿ ಹೊರಡಿಸಿ ಗ್ಯಾಸಿಗೆ ತಿರುಗಿಸಿದರೆ ಒಂದು ನಿಮಿಷ ಓಡುವುದು, ಸಾಯುವುದು. ಪಲ್ಲವಿ ಮತ್ತೆ ಪೆಟ್ರೋಲು ಬಿಡುವುದು. ಒಂದು ದಿನ ರೇಗಿ ಟ್ಯಾಂಕನ್ನೇ ಬಿಚ್ಚಿ, ಅದರ ಪೈಪಿನ ಬಾಯಿಗೆ ಬೆಸುಗೆ ಹಾಕಿಸಿಕೊಂಡು ಬಂದಳು. "ಪೆಟ್ರೋಲ್ ಇದ್ರೆ ಕೈ ಅದ್ರ ಕಡೇನೇ ಹೋಗ್ತದೆ ಅಜ್ಜ. ಇನ್ನು ಗ್ಯಾಸೇ ಗತಿ" ಅಂದು ಮುಚ್ಚಳವನ್ನು ಈ ಮೊಳೆಗೆ ಹಾಕಿದಳು. ನನ್ನ ಮಗ ಗಣಪತಿ ಗೂಡ್ಸ್ ಆಟೊ ಓಡಿಸುವವನು, ಎಣ್ಣೆಯ ಬೆಲೆ ತಿಳಿದವನು, ತಲೆಯ ಮೇಲೆ ಕೈ ಹೊತ್ತುಕೊಂಡ. "ಇದ್ದ ಕಾಲೂ ಕಡಿದ್ಲಲ್ಲಪ್ಪ ಇವ್ಳು!"

ಈಗ ಮೊಟ್ಟೆಯ ಮಾತಿಗೆ ಬರುತ್ತೇನೆ. ಈ ಬೇಸಿಗೆಯ ಮೊದಲಿಗೆ ನಮ್ಮ ಕೇರಿಗೆ ಕೊಕ್ಕರೆ ರೋಗ ಬಂತು. ಕೋಳಿಗಳು ಕತ್ತು ತಿರುಚಿಕೊಂಡು ಸಾಲು ಸಾಲಾಗಿ ಸತ್ತವು. ಐದು ಮನೆಗೂ ಸೇರಿ ಉಳಿದದ್ದು ಏಳೆಂಟು ಹೇಂಟೆ, ಎರಡು ಹುಂಜ. ನಮ್ಮ ನಾಟಿ ಕೋಳಿಯ ಸಂತಾನ ನನ್ನ ಅಜ್ಜನ ಕಾಲದಿಂದ ಬಂದದ್ದು, ಪೇಟೆಯಲ್ಲಿ ಸಿಗುವಂಥದ್ದಲ್ಲ. ಉಳಿದವು ಮೊಟ್ಟೆ ಇಡುತ್ತಿದ್ದವು, ಆದರೆ ಒಂದೂ ಕಾವಿಗೆ ಕೂರುತ್ತಿರಲಿಲ್ಲ. ಆಗ ನನ್ನ ಸೊಸೆ ಶಾರದೆ ತೀರ್ಥಹಳ್ಳಿಯ ತನ್ನ ತವರಿನಿಂದ ಕರೆಂಟಿನಲ್ಲಿ ಕಾವು ಕೊಡುವ ಪೆಟ್ಟಿಗೆಯೊಂದನ್ನು ತಂದಳು. ಐದೂ ಮನೆಯವರು ಮೊಟ್ಟೆ ತಂದುಕೊಟ್ಟರು. ಐವತ್ತೆರಡು ಮೊಟ್ಟೆ. ಪ್ರತಿ ಮೊಟ್ಟೆಯ ಮೇಲೂ ಇದ್ದಿಲಿನಲ್ಲಿ ಆಯಾ ಮನೆಯ ಗುರುತು. ಪಕ್ಕದ ಮನೆಯ ಸೀತಕ್ಕ ಕೊಡುವಾಗಲೇ ಹೇಳಿದ್ದಳು:

"ಶಾರದಾ, ಇನ್ನು ನಮ್ಮನೇಲಿ ಹುಂಜನೂ ಇಲ್ಲ, ಎಂತದೂ ಇಲ್ಲ. ಇದಿಷ್ಟೇ. ಹಾಳಾದ್ರೆ ನಾಟಿಕೋಳಿ ಅನ್ನೋದನ್ನ ಬಾಯಲ್ಲಷ್ಟೇ ಹೇಳ್ಬೇಕು."

ಇಪ್ಪತ್ತೊಂದು ದಿನ ಪೆಟ್ಟಿಗೆಯೊಳಗೆ ಕಾವು ತಪ್ಪಬಾರದು. ಮಳೆಗಾಲದ ಹೊಸ್ತಿಲಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬುವಂತಿಲ್ಲ. ಎಲ್ಲರ ಕಣ್ಣೂ ಪಲ್ಲವಿಯ ಮಷಿನ್ನಿನ ಮೇಲೆ ಬಿತ್ತು. ಅವಳು ಅಂಗಿಯ ತೋಳು ಮಡಚಿದಳು.

ಎಂಟನೇ ದಿನ ನಾನು ಮಾಡಿದ ಘನಂದಾರಿ ಕೆಲಸವನ್ನು ಇನ್ನು ಹೇಳಲೇಬೇಕು.

ದನದ ಡಾಕ್ಟರು ಪೆಟ್ಟಿಗೆ ನೋಡಲು ಬರುತ್ತಾರೆಂದು ಸುದ್ದಿಯಿತ್ತು. ಡಾಕ್ಟರು ಅಂದ ಮೇಲೆ ಕೊಟ್ಟಿಗೆ ಆಸ್ಪತ್ರೆಯ ಹಾಗೆ ಇರಬೇಡವೇ? ಮನೆಯವರೆಲ್ಲ ಹೊರಗೆ ಹೋದ ಹೊತ್ತು ನೋಡಿ ಒಂದು ಬಾಟಲಿ ಫಿನಾಯಿಲ್ ತಂದು, ಪೂರ್ತಿ ಸುರಿದು, ಕೊಟ್ಟಿಗೆಯನ್ನು ತಿಕ್ಕಿ ತಿಕ್ಕಿ ತೊಳೆದೆ. ದನಗಳು ನನ್ನನ್ನು ವಿಚಿತ್ರವಾಗಿ ನೋಡಿದವು. ಆ ತೊಳೆದ ನೀರು ಸೀದಾ ಸಗಣಿಯ ತೊಟ್ಟಿಗೆ ಹೋಗುತ್ತದೆ, ಅಲ್ಲಿಂದ ಗ್ಯಾಸಿನ ಗುಂಡಿಗೆ. ಆ ಕಾಲುವೆ ಕಡಿದವನೂ ನಾನೇ. ಆದರೂ ಹೊಳೆಯಲಿಲ್ಲ. ಡಾಕ್ಟರು ಬರಲೂ ಇಲ್ಲ.

ಮೂರು ದಿನಕ್ಕೆ ಒಲೆಯ ಉರಿ ಸಣ್ಣಗಾಯಿತು. ನಾಲ್ಕನೇ ದಿನ ಡ್ರಮ್ಮು ತಳ ಕಂಡಿತು. ಪಲ್ಲವಿ ತನ್ನ ಜೋಡಣೆಯಲ್ಲೇ ತಪ್ಪಿರಬೇಕೆಂದು ಪೈಪುಗಳನ್ನೆಲ್ಲ ಬಿಚ್ಚಿದಳು. ಸಂದುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೋ ಎಂದು ನೋಡಿದಳು. ಜೋಡಿಸಿದಳು, ಮತ್ತೆ ಬಿಚ್ಚಿದಳು. ನಾನು ಅವಳ ಪಕ್ಕ ಕೂತು ಸ್ಪಾನರ್ ಎತ್ತಿಕೊಡುತ್ತಿದ್ದೆ. ತಲೆಯಲ್ಲಿ ಏನೋ ಕುಟುಕುತ್ತಿತ್ತು. ಎದ್ದು ಹೋಗಿ ಖಾಲಿ ಫಿನಾಯಿಲ್ ಬಾಟಲಿ ಹುಡುಕಿ, ಅದರ ಮೇಲಿನದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕ್ರಿ, ಮಿ, ನಾ, ಶ, ಕ. ಸಗಣಿಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ, ಗ್ಯಾಸು ಮಾಡುವುದೇ ಅವು ಎಂದು ಪಲ್ಲವಿ ಎಷ್ಟು ಸಲ ಹೇಳಿರಲಿಲ್ಲ! ಅಷ್ಟನ್ನೂ ನಾನು ಒಂದೇ ಬಾಟಲಿಯಲ್ಲಿ ತೀರಿಸಿದ್ದೆ. ಬಾಟಲಿಯನ್ನು ಹುಲ್ಲಿನ ಗೊಣಬೆಯೊಳಗೆ ತುರುಕಿ ಬಂದು, ಏನೂ ತಿಳಿಯದವನ ಹಾಗೆ ಕೂತೆ.

ಮೂರನೇ ಸಲ ಬಿಚ್ಚಿದ ಸಂಜೆ ಪಲ್ಲವಿ ಸ್ಪಾನರನ್ನು ಕೆಳಗಿಟ್ಟಳು.

"ನಂಗೆ ಈ ಕೆಲ್ಸ ಬರಲ್ಲ ಅನ್ಸ್ತದೆ ಅಜ್ಜ."

ನಾನು ಬಾಯಿ ತೆಗೆದೆ. ಸತ್ಯ ನಾಲಿಗೆಯ ತುದಿಯವರೆಗೂ ಬಂತು. ಬಾಯಿಂದ ಬಿದ್ದದ್ದು "ಒಂಚೂರು ಟೀ ಕುಡಿ" ಅನ್ನುವುದು ಮಾತ್ರ. ಅಂಥ ಹೇಡಿ ನಾನು.

ಕೈಗೆ ಟೀ ಲೋಟ ಕೊಡುತ್ತಾ ಹೂವಮ್ಮ ನಿಧಾನಕ್ಕೆ ಹೇಳಿದಳು: "ಮಷಿನ್ ಬಿಚ್ಚೋದು ಸಾಕು ಮಗಾ. ನಮ್ಮನೆ ಹಾಲು ಹೆಪ್ಪಾಗ್ದಿದ್ರೆ ಪಕ್ಕದ ಮನೆಯಿಂದ ಹೆಪ್ಪು ತರ್ತೀವಲ್ಲ. ಗುಂಡೀದೂ ಹೆಪ್ಪು ಕೆಟ್ಟಿರ್ಬೇಕು. ಸೀತಕ್ಕನ ಮನೆ ಗುಂಡಿಯಿಂದ ತಂದು ಹಾಕಿ ನೋಡಿ."

ಪಲ್ಲವಿ ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು ಎದ್ದಳು.

ಮರುದಿನ ನಮ್ಮ ಗುಂಡಿಯ ಹಳೆಯ ರಾಡಿಯನ್ನು ಅರ್ಧಕ್ಕರ್ಧ ತೋಡಿ ಹೊರಗೆ ಹಾಕಿದೆವು. ಸೀತಕ್ಕನ ಗುಂಡಿಯಿಂದ ರಾಡಿ ಹೊರುವ ಕೆಲಸ ನನಗೇ ಇರಲಿ ಅಂದೆ. ಮೂವತ್ತು ಬಕೆಟ್ಟು. ಗಣಪತಿ ಸಹಾಯಕ್ಕೆ ಬಂದರೂ ಬಿಡಲಿಲ್ಲ. ಪಾಪ ನನ್ನದು, ಭಾರವೂ ನನ್ನದೇ ಆಗಬೇಕು ಅಂತ ಒಳಗೊಳಗೇ ಹಟ. ಸೀತಕ್ಕ ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದಳು.

"ಹೆಪ್ಪು ಕೇಳೋರು ಲೋಟ ತರ್ತಾರೆ ಮಂಜಣ್ಣ. ನೀವು ಬಕೆಟ್ ತಂದೀರಲ್ಲ!"

"ನಮ್ಮನೇಲಿ ಜನ ಜಾಸ್ತಿ ಸೀತಕ್ಕ."

"ನನ್ನ ಮೊಟ್ಟೆ ಬೇಯಿಸ್ಕಂಡು ತಿಂದೋರ ಹಾಗೆ ಬೆವರ್ತಾ ಇದೀರಿ. ಎಂತ ಆತು?"

"ಬಿಸಿಲು" ಅಂದೆ. ಮೋಡ ಕವಿದಿತ್ತು.

ಒಂದು ವಾರ ನಾನು ಬೆಳಿಗ್ಗೆ ಎದ್ದ ಕೂಡಲೆ ಹೋಗಿ ಡ್ರಮ್ಮಿಗೆ ಕೈ ಮುಗಿದೆ. ದೇವರಿಗೆ ಮುಗಿಯುವುದನ್ನು ಆಮೇಲೆ ಇಟ್ಟುಕೊಂಡೆ. ಐದನೇ ದಿನ ಡ್ರಮ್ಮು ನಾಲ್ಕು ಬೆರಳು ಎದ್ದಿತು. ಆರನೇ ದಿನ ಒಂದು ಗೇಣು.

ಅದರ ಮರುದಿನವೇ ಗಾಳಿ ಬೀಸಿತು. ಮೊಟ್ಟೆಗಳಿಗೆ ಅದು ಹತ್ತೊಂಬತ್ತನೇ ದಿನ. ಬೆಳಗಿನ ಹೊತ್ತು ತಿರುವಿನ ಹತ್ತಿರ ದೊಡ್ಡ ಮರವೊಂದು ಕರೆಂಟಿನ ತಂತಿಯನ್ನೂ ಎಳೆದುಕೊಂಡು ರಸ್ತೆಗಡ್ಡ ಬಿತ್ತು. ಕಂಬ ಎರಡು ತುಂಡು. ಲೈನ್‌ಮನ್ ಬಂದು ನೋಡಿ, "ಮೂರ್ನಾಲ್ಕು ದಿನ ಆಸೆ ಇಟ್ಕಬೇಡಿ" ಅಂದ. ಶಾರದೆ ಪೆಟ್ಟಿಗೆಯ ಮೇಲೆ ಕಂಬಳಿ ಹೊದೆಸಿ, ಅದರ ಮೇಲೆ ತನ್ನ ಮದುವೆ ಸೀರೆಯನ್ನೂ ಹೊದೆಸಿ, ಒಳಗಿನ ಉಷ್ಣದ ಮುಳ್ಳು ನೋಡುತ್ತ ಕೂತಳು. ಮುಳ್ಳು ಇಳಿಯುತ್ತಿತ್ತು. ಮೊಟ್ಟೆ ಕೊಟ್ಟ ಐದೂ ಮನೆಯವರು ನಮ್ಮ ಅಂಗಳಕ್ಕೆ ಬಂದು ನಿಂತರು. ಪೆಟ್ರೋಲು ತರಲು ದಾರಿಯಿಲ್ಲ, ತಂದರೂ ಹಾಕಲು ಟ್ಯಾಂಕಿಲ್ಲ.

ಪಲ್ಲವಿ ಮಷಿನ್ನನ್ನು ಮಾಡಿನಡಿಯಿಂದ ಬಯಲಿಗೆ ಎಳೆದು, ಗ್ಯಾಸಿನ ಕಿವಿ ತಿರುಗಿಸಿ, ಹಗ್ಗ ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಆರು ಸಲ, ಏಳು ಸಲ.

"ಗ್ಯಾಸ್ ಒತ್ತಿ ಬರ್ತಾ ಇಲ್ಲ" ಅಂದಳು. "ಡ್ರಮ್ಮಿನ ಮೇಲೆ ಭಾರ ಬೇಕು."

ಭಾರ ಅಂದದ್ದೇ ತಡ, ನಾನು ಓಡಿಹೋಗಿ ಡ್ರಮ್ಮಿನ ಮೇಲೆ ಹತ್ತಿ ಕೂತೆ. ಅದು ಒಂದು ಕಡೆಗೆ ವಾಲಿತು. ನನ್ನ ಒಂದು ಕಾಲು ಸಗಣಿ ರಾಡಿಯಲ್ಲಿ ಮೊಣಕಾಲಿನವರೆಗೆ ಇಳಿಯಿತು.

"ಇಳಿ ಅಜ್ಜ! ಗುಂಡಿಗೆ ಬಿದ್ರೆ ಮೊಟ್ಟೆ ನೋಡ್ಲಾ, ನಿನ್ನ ನೋಡ್ಲಾ?"

ಹೂವಮ್ಮ ಅಂಗಳದಿಂದಲೇ ಮಗನಿಗೆ ಕೂಗಿ ಹೇಳಿದಳು: "ಅಪ್ಪಿ, ಅವ್ರನ್ನ ಎಳ್ದು ಹಾಕು. ರುಬ್ಬೋ ಕಲ್ಲು ತಗಂಡು ಹೋಗಿ. ಅದಕ್ಕೆ ಅವ್ರಿಗಿಂತ ತೂಕ ಇದೆ."

ಗಣಪತಿಯೂ ಪಕ್ಕದ ಮನೆಯವರೂ ಸೇರಿ ರುಬ್ಬುವ ಕಲ್ಲನ್ನು ಹೊತ್ತು ತಂದು ಡ್ರಮ್ಮಿನ ನಟ್ಟನಡುವೆ ಕೂರಿಸಿದರು. ಪೈಪಿನಲ್ಲಿ ಗ್ಯಾಸು ಸುಯ್ ಅಂದಿತು. ಪಲ್ಲವಿ ಹಗ್ಗ ಎಳೆದಳು. ಮಷಿನ್ನು ಪುಸ್ ಪುಸ್ ಅಂತ ಕೆಮ್ಮಿ ನಿಂತಿತು. ಮತ್ತೆ ಎಳೆದಳು. ಮತ್ತೆ ಅದೇ ಕೆಮ್ಮು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಶಾರದೆ ಒಳಗಿನಿಂದ "ಇನ್ನೂ ಇಳೀತು" ಎಂದಳು. ಸೀತಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಸಗಣಿ ಮೆತ್ತಿದ ಕಾಲಲ್ಲಿ ನಾನು ಕಣ್ಣು ಮುಚ್ಚಿ ನಿಂತೆ. ಆ ಕೆಮ್ಮು ನನಗೆ ಗೊತ್ತಿತ್ತು. ನನ್ನ ತಲೆಯ ಮೇಲೆ ಎಷ್ಟು ಮದುವೆಗಳಲ್ಲಿ ಅದನ್ನು ಕೇಳಿದ್ದೇನೆ!

"ಗಾಳಿ ಜಾಸ್ತಿ ಆತು ಮಗಾ! ಗಾಳಿ ಬಾಯಿ ಮುಚ್ಚು!"

"ಪೂರ್ತಿ ಮುಚ್ಚಿದ್ರೆ ಸಾಯ್ತದೆ ಅಜ್ಜ!"

"ಪೂರ್ತಿ ಯಾರು ಹೇಳಿದ್ರು? ಅರ್ಧ. ಅರ್ಧಕ್ಕಿಂತ ಒಂಚೂರು ಜಾಸ್ತಿ."

ಮಷಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ನಾನೇ ಅಂಗೈ ಅಡ್ಡ ಹಿಡಿದೆ. ಅವಳು ಎಳೆದಳು. ಕೆಮ್ಮಿತು, ಎಡವಿತು, ಮತ್ತೆ ಕೆಮ್ಮಿತು. ನಾನು ಒಂದು ಬೆರಳು ಸರಿಸಿದೆ. ದಡ್ ದಡ್ ದಡ್ ಅಂತ ಹೊರಟಿತು ನೋಡಿ! ಹೊರಟದ್ದು ನಿಲ್ಲಲಿಲ್ಲ. ಒಳಗಿನಿಂದ ಶಾರದೆ "ಬಂತು! ಲೈಟ್ ಬಂತು! ಫ್ಯಾನ್ ತಿರುಗ್ತು!" ಎಂದು ಕೂಗಿದಳು. ನಾನು ಕೈ ತೆಗೆಯುವಂತಿಲ್ಲ, ತೆಗೆದರೆ ನಿಲ್ಲುತ್ತದೆ. ಕುಣಿಯಬೇಕು ಅನ್ನಿಸುತ್ತಿದ್ದರೂ ಮಷಿನ್ನಿಗೆ ಅಂಟಿಕೊಂಡ ಹಾಗೆ ಬಗ್ಗಿ ನಿಂತಿದ್ದೆ. ಕೊನೆಗೆ ಪಲ್ಲವಿ ಒಂದು ತೆಂಗಿನ ಕರಟ ತಂದು, ಹೆಬ್ಬೆರಳು ತೂರುವಷ್ಟು ತೂತು ಕೊರೆದು, ನನ್ನ ಅಂಗೈಯ ಜಾಗದಲ್ಲಿ ತಂತಿಯಿಂದ ಬಿಗಿದಳು. ಈಗಲೂ ಅಲ್ಲೇ ಇದೆ.

ಗ್ಯಾಸು ದಿನವಿಡೀ ಓಡಿಸುವಷ್ಟು ಇರಲಿಲ್ಲ. ಅರ್ಧ ಗಂಟೆ ಮಷಿನ್ನು, ಆಮೇಲೆ ಎರಡು ಗಂಟೆ ಕಂಬಳಿ ಮತ್ತು ಬಿಸಿನೀರಿನ ಬಾಟಲಿಗಳು. ಹೀಗೆ ಪಾಳಿ. ಹೂವಮ್ಮ ಮೊದಲ ದಿನವೇ ಒಲೆಗೆ ಬರುವ ಪೈಪನ್ನು ತನ್ನ ಕೈಯಾರೆ ಬಂದ್ ಮಾಡಿದಳು. "ನನ್ನ ಒಲೆಗೆ ಒಂದು ಉಸಿರೂ ಬೇಡ. ಎಲ್ಲಾ ಮರಿಗೇ ಹೋಗ್ಲಿ" ಅಂದು ಅಟ್ಟದಿಂದ ಊದುಗೊಳವೆ ಇಳಿಸಿದಳು. ಮೂರು ದಿನ ಹಸಿ ಕಟ್ಟಿಗೆಯ ಹೊಗೆಯಲ್ಲಿ ಐದು ಜನರ ಅಡುಗೆಯನ್ನೂ, ಬಾಟಲಿಗಳಿಗೆ ಬಿಸಿನೀರನ್ನೂ ಮಾಡಿದಳು. ಅವಳ ಕೆಂಪು ಕಣ್ಣು ನೋಡಿದಾಗಲೆಲ್ಲ ಗೊಣಬೆಯೊಳಗಿನ ಬಾಟಲಿ ನನ್ನ ಎದೆಯಲ್ಲಿ ಹೊರಳುತ್ತಿತ್ತು.

ನಿನ್ನೆ ಬೆಳಿಗ್ಗೆ ಶಾರದೆ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು. ಪೆಟ್ಟಿಗೆಗೆ ಕಿವಿ ಕೊಟ್ಟರೆ ಒಳಗೆ ಚಿಕ್ ಚಿಕ್. ಗಾಜಿನಲ್ಲಿ ನೋಡುತ್ತಿದ್ದ ಹಾಗೆ ಒಂದು ಮೊಟ್ಟೆಗೆ ಬಿರುಕು ಬಿತ್ತು, ಸಾಸಿವೆಯಷ್ಟು ಕೊಕ್ಕು ಕಂಡಿತು. ಆಮೇಲೆ ಒಂದರ ಹಿಂದೆ ಒಂದು. ಹನ್ನೊಂದು ಒಡೆಯಲಿಲ್ಲ, ನಲವತ್ತೊಂದು ಒಡೆದವು. ಗುರುತು ಇದ್ದದ್ದು ಚಿಪ್ಪಿನ ಮೇಲೆ. ಮರಿಗಳು ಚಿಪ್ಪು ಬಿಟ್ಟು ಒಂದರೊಳಗೊಂದು ಬೆರೆತ ಮೇಲೆ ಯಾರದು ಯಾವುದು? ಇದು ನಮ್ಮಲ್ಲಿ ಒಬ್ಬರಿಗೂ ಮೊದಲೇ ಹೊಳೆದಿರಲಿಲ್ಲ. ಸೀತಕ್ಕನಿಗೆ ಮಾತ್ರ ಅನುಮಾನವೇ ಇಲ್ಲ. "ಆ ಕೆಂಚು ನಮ್ಮದೇ. ನೋಡಿ ಅದ್ರ ಗತ್ತು, ಥೇಟ್ ನಮ್ಮ ಸತ್ತ ಹುಂಜ" ಅಂದವಳು, ಮರುಕ್ಷಣ ಪಲ್ಲವಿಯ ಬೊಬ್ಬೆಯೆದ್ದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅತ್ತೇಬಿಟ್ಟಳು.

ಸಂಜೆ ನಮ್ಮ ಮನೆಯವರು ಐದೂ ಜನ ಒಟ್ಟಿಗೆ ಊಟಕ್ಕೆ ಕೂತೆವು. ರಸ್ತೆಯ ಮರ ತೆಗೆದಿದ್ದರೂ ಕರೆಂಟು ಬಂದಿರಲಿಲ್ಲ. ಮರಿಗಳ ಮೇಲೆ ಉರಿಯುತ್ತಿದ್ದ ಒಂದೇ ಬಲ್ಬಿನ ಬೆಳಕಿನಲ್ಲಿ, ನಡುಕೋಣೆಯಲ್ಲೇ ತಟ್ಟೆ ಹಾಕಿಕೊಂಡೆವು. ಹೊರಗೆ ಮಷಿನ್ನು ದಡ್ ದಡ್ ಅನ್ನುತ್ತಿತ್ತು. ಬಿಸಿ ಕಡುಬು, ಹಲಸಿನ ಬೀಜ ಹಾಕಿದ ಒಣಸಿಗಡಿ ಸಾರು. ಗಣಪತಿ "ಕಡುಬಿಗೆ ಕೋಳಿ ಸಾರು ಇದ್ದಿದ್ರೆ..." ಅಂದವನು ಮೂರು ಹೆಂಗಸರ ಮುಖ ನೋಡಿ ಸಿಗಡಿ ಸಾರನ್ನೇ ಬಡಿಸಿಕೊಂಡ.

ನನ್ನ ಗಂಟಲಲ್ಲಿ ಕಡುಬು ಇಳಿಯಲಿಲ್ಲ.

"ಗುಂಡಿ ಕೆಡಿಸಿದ್ದು ನಾನು" ಅಂದೆ. "ಕೊಟ್ಟಿಗೆಗೆ ಫಿನಾಯಿಲ್ ಸುರಿದೆ. ಇಡೀ ಬಾಟ್ಲಿ."

ಪಲ್ಲವಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು.

"ಹಂಗಾದ್ರೆ ನನ್ನ ಪೈಪಿನ ಜೋಡಣೆ ಸರಿ ಇತ್ತಾ ಅಜ್ಜ?"

"ಮೊದಲ್ನೇ ದಿನದಿಂದ ಸರಿ ಇತ್ತು ಮಗಾ."

"ಮೂರು ಸಲ ಬಿಚ್ಚಿದ್ನಲ್ಲ! ಪಕ್ಕದಲ್ಲೇ ಕೂತು ಸ್ಪಾನರ್ ಕೊಡ್ತಾ ಇದ್ಯಲ್ಲ ನೀನು!"

ಅವಳು ಬೈಯಲಿ ಎಂದು ತಲೆ ತಗ್ಗಿಸಿದೆ. ಸದ್ದು ಕೇಳಿ ಮೇಲೆ ನೋಡಿದರೆ ನಗುತ್ತಿದ್ದಾಳೆ, ಕಣ್ಣಲ್ಲಿ ನೀರು. "ಸರಿ ಇತ್ತಂತೆ ಅಮ್ಮ, ಮೊದ್ಲಿಂದ್ಲೂ ಸರಿ ಇತ್ತಂತೆ" ಎಂದು ಶಾರದೆಯ ಭುಜ ಅಲ್ಲಾಡಿಸಿದಳು. ಆಮೇಲೆ ನನ್ನ ಕಡೆಗೆ ಬೆರಳು ತೋರಿಸಿ ತೀರ್ಪು ಕೊಟ್ಟಳು. ಇನ್ನು ಮುಂದೆ ದಿನಾ ಗುಂಡಿಗೆ ಸಗಣಿ ಕಲಸುವವನು ನಾನು. ಒಪ್ಪಿಕೊಂಡೆ.

"ಬಾಟ್ಲಿ ಗೊಣಬೇಲಿ ಸಿಕ್ಕಿತ್ತು, ಮರುದಿನವೇ" ಅಂದಳು ಹೂವಮ್ಮ, ಸಾರು ಬಡಿಸುತ್ತಾ. "ಹುಲ್ಲು ಹಿರಿಯೋಳು ನಾನಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀವೇ ಹೇಳ್ತೀರಾ ನೋಡಣ ಅಂತ."

ಅವಳ ಕೆಂಪು ಕಣ್ಣು ಬಲ್ಬಿನ ಬೆಳಕಿನಲ್ಲಿ ಹೊಳೆಯಿತು. ನನ್ನ ಮುಖದ ಮೇಲೆ ರಾಡಿಯೋ ಮಸಿಯೋ ಏನೋ ಉಳಿದಿತ್ತೆಂದು ಕಾಣುತ್ತದೆ, ಸೆರಗಿನಿಂದ ಒಮ್ಮೆ ಒರೆಸಿ, ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. ಈ ಸಲ ಅದು ಇಳಿಯಿತು.